ಇಂಗ್ಲಿಷ್ ಟೆನ್ಸ್ ಕೈಕೊಡುತ್ತಿದೆಯಾ? ಅದರ ಕೆಳಗಿರುವ ಕನ್ನಡ ನೋಡಿ

ಕೋಲಾರದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಡಿಗ್ರಿ ಮುಗಿಸಿದವರು ಬರುತ್ತಾರೆ, ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಕೆಲಸ ಮಾಡುತ್ತಾ ಆಫೀಸ್ ಕಡೆಗೆ ಬಡ್ತಿ ಬೇಕು ಅನ್ನುವವರು ಬರುತ್ತಾರೆ, ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಇಂಟರ್ವ್ಯೂಗೆ ಓಡಾಡುವವರೂ ಬರುತ್ತಾರೆ. ಟೆನ್ಸ್ ಚಾರ್ಟ್ ಕೇಳಿದರೆ ಎಲ್ಲರೂ ಗಡಗಡ ಒಪ್ಪಿಸುತ್ತಾರೆ. ಸಿಂಪಲ್ ಪ್ರೆಸೆಂಟ್‌ನಿಂದ ಫ್ಯೂಚರ್ ಪರ್ಫೆಕ್ಟ್ ಕಂಟಿನ್ಯುಯಸ್ ತನಕ ಹನ್ನೆರಡೂ ಬಾಯಿಪಾಠ. ಆದರೆ "ನಿಮ್ಮ ದಿನ ಹೇಗಿರುತ್ತೆ, ಹೇಳಿ" ಅಂದ ತಕ್ಷಣ ಮೊದಲ ವಾಕ್ಯದಲ್ಲೇ ಕಾಲ ಎಡವುತ್ತದೆ.

ಇದಕ್ಕೆ ಕಾರಣ ದಡ್ಡತನ ಅಲ್ಲ. ಕನ್ನಡ ಮೀಡಿಯಂ ಅನ್ನುವುದೂ ಅಲ್ಲ. ನಾವು ಮಾಡುವ ತಪ್ಪುಗಳು ಲೆಕ್ಕವಿಲ್ಲದಷ್ಟು ಅನ್ನಿಸಿದರೂ ಬಗೆಗಳು ಕೆಲವೇ, ಮತ್ತು ಹೆಚ್ಚಿನವುಗಳ ಹಿಂದೆ ಒಂದು ಕನ್ನಡ ಕ್ರಿಯಾಪದ ಕೂತಿರುತ್ತದೆ. ಬೈಕ್ ಸ್ಟಾರ್ಟ್ ಆಗದಿದ್ದರೆ ಒಳ್ಳೆ ಮೆಕ್ಯಾನಿಕ್ ಇಡೀ ಎಂಜಿನ್ ಬಿಚ್ಚುವುದಿಲ್ಲ, ಮೊದಲು ಪ್ಲಗ್ ನೋಡುತ್ತಾನೆ. ಇಲ್ಲೂ ಹಾಗೇ. ಇಡೀ ಗ್ರಾಮರ್ ಪುಸ್ತಕವನ್ನು ಮತ್ತೆ ಮೊದಲಿನಿಂದ ಓದುವುದು ಬೇಡ.

ಪರೀಕ್ಷೆ ಮಾಡುವ ರೀತಿ ಇಷ್ಟು. ತಪ್ಪಾಯಿತು ಅನ್ನಿಸಿದ ಇಂಗ್ಲಿಷ್ ವಾಕ್ಯವನ್ನು ಬರೆದುಕೊಳ್ಳಿ. ಅದನ್ನೇ ಮನೆಯಲ್ಲಿ ಮಾತಾಡುವ ಕನ್ನಡದಲ್ಲಿ ಹೇಳಿ, ಪುಸ್ತಕದ ಕನ್ನಡ ಬೇಡ. ಈಗ ಆ ಕನ್ನಡ ಕ್ರಿಯಾಪದದ ಕೊನೆ ನೋಡಿ. "ಮಾಡ್ತೀನಿ"ನಾ, "ಮಾಡ್ತಾ ಇದ್ದೀನಿ"ನಾ, "ಮಾಡಿದ್ದೀನಿ"ನಾ, "ಮಾಡಿದ್ದೆ"ನಾ, "ಮಾಡಿದೆ"ನಾ? ಯಾವುದು ಅಂತ ಗೊತ್ತಾದರೆ ತಪ್ಪು ಎಲ್ಲಿಂದ ಬಂತು ಅನ್ನುವುದು ಮುಕ್ಕಾಲು ಭಾಗ ಗೊತ್ತಾದ ಹಾಗೆ.

ಶುರು ಮಾಡುವ ಮುಂಚೆ ಒಂದು ವಿಷಯ. ಇಂಗ್ಲಿಷ್ ಕ್ರಿಯಾಪದ ಕಾಲಕ್ಕೆ ತಕ್ಕಂತೆ ತಾನೇ ರೂಪ ಬದಲಿಸುವುದು ಎರಡೇ ಕಡೆ: "ಗೋ" ಮತ್ತು "ವೆಂಟ್". ಮುಂದಿನ ಕಾಲಕ್ಕೆ ಅಂತ ಬೇರೆ ರೂಪವೇ ಇಲ್ಲ, "ವಿಲ್" ಅನ್ನುವ ಸಹಾಯಕ ಪದವನ್ನು ಮುಂದೆ ಇಟ್ಟು ಕೆಲಸ ಸಾಗಿಸುತ್ತಾರೆ. ಅದಕ್ಕೇ ಎಷ್ಟೋ ಭಾಷಾಶಾಸ್ತ್ರಜ್ಞರು ಇಂಗ್ಲಿಷಿಗೆ ಇರುವುದು ಎರಡೇ ಟೆನ್ಸ್ ಅನ್ನುತ್ತಾರೆ. ಚಾರ್ಟಿನ ಹನ್ನೆರಡು ಮನೆಗಳು ಅಂದರೆ ಮೂರು ಕಾಲ, ಒಂದೊಂದಕ್ಕೆ ನಾಲ್ಕು ನೋಟ. ಕೆಲಸ ಯಾವಾಗ ಅನ್ನುವುದು ಒಂದು ಪ್ರಶ್ನೆ. ಅದನ್ನು ಹೇಗೆ ನೋಡುತ್ತಿದ್ದೇವೆ, ಅಂದರೆ ಮುಗಿದದ್ದಾಗಿಯೋ, ನಡೆಯುತ್ತಿರುವುದಾಗಿಯೋ, ಈ ಹೊತ್ತಿಗೆ ಸಂಬಂಧ ಇರುವುದಾಗಿಯೋ ಅನ್ನುವುದು ಇನ್ನೊಂದು ಪ್ರಶ್ನೆ. ಎರಡನ್ನೂ ಬೇರೆ ಬೇರೆ ಕೇಳಿಕೊಂಡರೆ ಸಾಕು.

"ಡೈಲಿ ಐ ವಿಲ್ ವೇಕಪ್ ಅಟ್ ಫೈವ್"

ನಮ್ಮ ಕಡೆ ಎಲ್ಲಕ್ಕಿಂತ ಜಾಸ್ತಿ ಕೇಳುವ ತಪ್ಪು ಇದು. ಶ್ರೀನಿವಾಸಪುರದ ಕಡೆಯ ಒಬ್ಬ ಹುಡುಗಿ, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ, ಇಂಟರ್ವ್ಯೂ ಅಭ್ಯಾಸಕ್ಕೆ ಕೂತಾಗ ಹೀಗೆ ಹೇಳಿದಳು: "ಡೈಲಿ ಐ ವಿಲ್ ವೇಕಪ್ ಅಟ್ ಫೈವ್. ಐ ವಿಲ್ ಪುಟ್ ಲೀವ್ಸ್ ಟು ಸಿಲ್ಕ್‌ವರ್ಮ್ಸ್. ದೆನ್ ಐ ವಿಲ್ ಕ್ಯಾಚ್ ದ ಬಸ್." ಧೈರ್ಯವಾಗಿ, ಒಂದೇ ಉಸಿರಿಗೆ ಹೇಳಿದಳು. ಆದರೆ ಹೊರಗಿನವರು ಕೇಳಿದರೆ, ಇವಳು ಇನ್ನು ಮುಂದೆ ಐದಕ್ಕೆ ಏಳುತ್ತೇನೆ ಅಂತ ಯಾರಿಗೋ ಮಾತು ಕೊಡುತ್ತಿದ್ದಾಳೆ ಅನ್ನಿಸುತ್ತದೆ.

ಕನ್ನಡ ನೋಡಿ. "ದಿನಾ ಸೊಪ್ಪು ಹಾಕ್ತೀನಿ." "ನಾಳೆ ಸೊಪ್ಪು ಹಾಕ್ತೀನಿ." ಕ್ರಿಯಾಪದ ಒಂದೇ, ಒಂದಕ್ಷರ ವ್ಯತ್ಯಾಸ ಇಲ್ಲ. ಬರವಣಿಗೆಯಲ್ಲಿ ಭವಿಷ್ಯಕ್ಕೆ "ಹಾಕುವೆನು" ಅಂತ ಬೇರೆ ರೂಪ ಇದೆ, ಶಾಲೆಯಲ್ಲಿ ಓದಿದ್ದೇವೆ, ಆದರೆ ಮಾತಿನಲ್ಲಿ ಅದನ್ನು ಯಾರೂ ಬಳಸುವುದಿಲ್ಲ. ದಿನದ ಅಭ್ಯಾಸಕ್ಕೂ ನಾಳೆಯ ಮಾತಿಗೂ "ಹಾಕ್ತೀನಿ" ಒಂದೇ ಸಾಕಾಗುತ್ತದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು ಮಾತಾಡುವವರಿಗೂ ಇದೇ ಕತೆ, "ಪೋತಾನು" ಅಂದರೆ ದಿನಾ ಹೋಗುತ್ತೇನೆ ಅಂತಲೂ ಆಗುತ್ತದೆ, ನಾಳೆ ಹೋಗುತ್ತೇನೆ ಅಂತಲೂ ಆಗುತ್ತದೆ.

ಸರಿ, ಎರಡರಲ್ಲಿ "ವಿಲ್" ಅನ್ನೇ ಯಾಕೆ ಆರಿಸಿಕೊಳ್ಳುತ್ತೇವೆ? ನನಗೆ ಅನ್ನಿಸುವುದು ಇದು. ಕನ್ನಡದಲ್ಲಿ ಕ್ರಿಯಾಪದವನ್ನು ಏನೂ ಸೇರಿಸದೆ ಬರಿಯಾಗಿ ಬಿಡುವುದು ಆಜ್ಞೆ ಮಾಡುವಾಗ ಮಾತ್ರ: ಹೋಗು, ಬಾ, ಏಳು. ಹಾಗಾಗಿ "ಐ ಗೋ" ಅನ್ನುವುದು ನಮ್ಮ ಕಿವಿಗೆ ಅರ್ಧಕ್ಕೇ ನಿಂತ ಮಾತಿನಂತೆ ಕೇಳಿಸುತ್ತದೆ, ಮಧ್ಯೆ ಏನಾದರೂ ಹಾಕಬೇಕು ಅನ್ನಿಸುತ್ತದೆ. ಆಗ ಕೈಗೆ ಸಿಗುವುದು "ವಿಲ್". ಇಲ್ಲದಿದ್ದರೆ "ಆಮ್ ಗೋಯಿಂಗ್".

ಪರೀಕ್ಷೆ: ನಿಮ್ಮ ಕನ್ನಡ ವಾಕ್ಯದಲ್ಲಿ "ದಿನಾ", "ಯಾವಾಗಲೂ", "ವಾರಕ್ಕೊಂದ್ಸಲ" ಇವುಗಳಲ್ಲಿ ಯಾವುದಾದರೂ ಕೂರುತ್ತದಾ? ಕೂತರೆ "ವಿಲ್" ತೆಗೆಯಿರಿ, ಕ್ರಿಯಾಪದ ಬರಿಯಾಗಿಯೇ ಇರಲಿ. "ಐ ವೇಕ್ ಅಪ್ ಅಟ್ ಫೈವ್. ಐ ಫೀಡ್ ದ ಸಿಲ್ಕ್‌ವರ್ಮ್ಸ್. ದೆನ್ ಐ ಕ್ಯಾಚ್ ದ ಬಸ್." "ನಾಳೆ", "ಆಮೇಲೆ", "ಬರೋ ವಾರ" ಕೂತರೆ ಮಾತ್ರ "ವಿಲ್" ಇರಲಿ. ಇಂಗ್ಲಿಷ್ ಮನೆಮಾತಿನವರೂ ಒಮ್ಮೊಮ್ಮೆ ಅಭ್ಯಾಸಕ್ಕೆ "ವಿಲ್" ಬಳಸುತ್ತಾರೆ, ನಿಜ, ಆದರೆ ಅದು "ಆ ಮನುಷ್ಯ ಗಂಟೆಗಟ್ಟಲೆ ಸುಮ್ನೆ ಕೂತುಬಿಡ್ತಾನೆ" ಅನ್ನುವಂಥ, ಯಾರದ್ದಾದರೂ ಸ್ವಭಾವ ವರ್ಣಿಸುವ ಮಾತಿಗೆ. ನಮ್ಮ ದಿನಚರಿ ಹೇಳಲು ಅದು ಬೇಡ.

"ವಿಲ್" ತೆಗೆದ ಮೇಲೆ ಅದರ ಹಿಂದೆ ಅಡಗಿದ್ದ ಇನ್ನೊಂದು ತಪ್ಪು ಹೊರಗೆ ಬರುತ್ತದೆ. "ಮೈ ಫಾದರ್ ವಿಲ್ ಗೋ ಟು ಮಾರ್ಕೆಟ್" ಅನ್ನುವುದು "ಮೈ ಫಾದರ್ ಗೋ ಟು ಮಾರ್ಕೆಟ್" ಆಗುತ್ತದೆ. ಅಲ್ಲಿ "ಗೋಸ್" ಬೇಕು. ಕನ್ನಡದಲ್ಲಿ ನಾನು, ನೀನು, ಅವನು, ಅವಳು, ಅವರು, ಅದು ಎಲ್ಲಕ್ಕೂ ಕೊನೆ ಬದಲಾಗುತ್ತದೆ, ಅಷ್ಟೆಲ್ಲ ನಾವು ಯೋಚನೆಯೇ ಇಲ್ಲದೆ ಮಾಡುತ್ತೇವೆ. ಇಂಗ್ಲಿಷಿನಲ್ಲಿ ಒಂದೇ ಕಡೆ, ಒಬ್ಬನ ಬಗ್ಗೆ ಅಥವಾ ಒಂದರ ಬಗ್ಗೆ ಹೇಳುವಾಗ ಮಾತ್ರ, "ಸ್" ಸೇರುತ್ತದೆ. ಅಪ್ಪ, ಅಮ್ಮ, ಮ್ಯಾನೇಜರ್, ಬಸ್ಸು, ಇವುಗಳ ಬಗ್ಗೆ ಹತ್ತು ವಾಕ್ಯ ಜೋರಾಗಿ ಹೇಳಿ ಅಭ್ಯಾಸ ಮಾಡುವುದೊಂದೇ ದಾರಿ.

"ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್"

"ಇಂಗ್" ಜಾಸ್ತಿ ಆದಾಗ ಬರುವ ದೋಷ. ಪರೀಕ್ಷೆ ಸುಲಭ: "ಈಗ ಏನ್ ಮಾಡ್ತಾ ಇದ್ದೀಯ?" ಅಂತ ಯಾರಾದರೂ ಕೇಳಿದರೆ ಈ ವಾಕ್ಯ ಉತ್ತರ ಆಗುತ್ತದಾ? "ಊಟ ಮಾಡ್ತಾ ಇದ್ದೀನಿ" ಆಗುತ್ತದೆ, ಹಾಗಾಗಿ "ಐ ಆಮ್ ಹ್ಯಾವಿಂಗ್ ಲಂಚ್" ಸರಿ. "ನನಗೆ ಇಬ್ಬರು ಅಣ್ಣಂದಿರಿದ್ದಾರೆ" ಅನ್ನುವುದು ಆ ಪ್ರಶ್ನೆಗೆ ಉತ್ತರವೇ ಅಲ್ಲ. "ಐ ಹ್ಯಾವ್ ಟೂ ಬ್ರದರ್ಸ್" ಅಷ್ಟೇ. "ಗೊತ್ತು" ಅನ್ನುವುದೂ ಉತ್ತರ ಅಲ್ಲ, ಆದ್ದರಿಂದ "ಐ ಆಮ್ ನೋಯಿಂಗ್" ಇಲ್ಲ, "ಐ ನೋ".

ಈ ಪರೀಕ್ಷೆ ಒಂದು ಕಡೆ ಕೈಕೊಡುತ್ತದೆ. "ಅರ್ಥ ಆಗ್ತಾ ಇದೆ" ಅಂತ ಕನ್ನಡದಲ್ಲಿ ಧಾರಾಳವಾಗಿ ಹೇಳುತ್ತೇವೆ, ಆದರೆ ಇಂಗ್ಲಿಷಿನಲ್ಲಿ "ಐ ಅಂಡರ್‌ಸ್ಟ್ಯಾಂಡ್". ಹಾಗಾಗಿ ಕೆಲವನ್ನು ನೆನಪಿಟ್ಟುಕೊಳ್ಳಲೇಬೇಕು: ನೋ, ಅಂಡರ್‌ಸ್ಟ್ಯಾಂಡ್, ವಾಂಟ್, ನೀಡ್, ಲೈಕ್, ಬಿಲೀವ್, ಬಿಲಾಂಗ್. ಇವು ಕೆಲಸಗಳಲ್ಲ, ಸ್ಥಿತಿಗಳು. "ಥಿಂಕ್" ಎರಡೂ ಕಡೆ ಓಡಾಡುತ್ತದೆ: ನನ್ನ ಅಭಿಪ್ರಾಯ ಅನ್ನುವಾಗ "ಐ ಥಿಂಕ್", ಕೂತು ಯೋಚನೆ ಮಾಡುತ್ತಿರುವಾಗ "ಐ ಆಮ್ ಥಿಂಕಿಂಗ್".

ಇಲ್ಲೇ ಇನ್ನೊಂದು. "ಐ ಆಮ್ ಸ್ಟೇಯಿಂಗ್ ಇನ್ ಮಾಲೂರು" ಅಂದರೆ ಕೇಳುವವರಿಗೆ ಮಾಲೂರಿಗೆ ನಾಲ್ಕು ದಿನಕ್ಕೆ ಬಂದಿದ್ದೀರಿ ಅನ್ನಿಸುತ್ತದೆ. ಹುಟ್ಟಿದಾಗಿನಿಂದ ಅಲ್ಲೇ ಇರುವವರು "ಐ ಲಿವ್ ಇನ್ ಮಾಲೂರು" ಅನ್ನಬೇಕು.

ಹಿಂದಿನ ಅಭ್ಯಾಸಕ್ಕೂ "ಇಂಗ್" ನುಗ್ಗುತ್ತದೆ. "ಚಿಕ್ಕವರಿದ್ದಾಗ ಕೋಲಾರಮ್ಮ ಕೆರೆ ಹತ್ತಿರ ಆಡ್ತಾ ಇದ್ವಿ" ಅನ್ನುವುದನ್ನು "ವಿ ವರ್ ಪ್ಲೇಯಿಂಗ್" ಅಂತ ಹೇಳಿ ನಿಲ್ಲಿಸಿದರೆ ಕೇಳುವವರು ಕಾಯುತ್ತಾ ಕೂರುತ್ತಾರೆ, ಆಡುತ್ತಿದ್ದಾಗ ಏನಾಯಿತು ಅಂತ. ಯಾಕೆಂದರೆ ಆ ರೂಪ ಒಂದು ಗಳಿಗೆಯ ನಡುಮಧ್ಯದ ಚಿತ್ರ. ವರ್ಷಗಟ್ಟಲೆ ನಡೆದ ಅಭ್ಯಾಸಕ್ಕೆ "ವಿ ಯೂಸ್ಡ್ ಟು ಪ್ಲೇ".

"ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್"

ಇದರಲ್ಲಿ ಎರಡು ತಪ್ಪುಗಳು ಒಟ್ಟಿಗಿವೆ. ಒಂದನ್ನು ಸರಿ ಮಾಡಿ ಇನ್ನೊಂದನ್ನು ಬಿಟ್ಟರೆ ವಾಕ್ಯ ಕುಂಟುತ್ತಲೇ ಇರುತ್ತದೆ.

ಕನ್ನಡದಲ್ಲಿ "ಐದು ವರ್ಷದಿಂದ ಇಲ್ಲಿ ಕೆಲಸ ಮಾಡ್ತಾ ಇದ್ದೀನಿ". ಮೊದಲು "ಇಂದ" ನೋಡಿ. "2007ರಿಂದ" ಅಂದರೂ "ಇಂದ"ವೇ, "ಐದು ವರ್ಷದಿಂದ" ಅಂದರೂ "ಇಂದ"ವೇ. ಇಂಗ್ಲಿಷ್ ಇವೆರಡನ್ನು ಬೇರೆ ಮಾಡುತ್ತದೆ. "ಇಂದ"ದ ಹಿಂದೆ ಇರುವುದು ಶುರುವಾದ ಹೊತ್ತಾದರೆ (ಇಸವಿ, ತಿಂಗಳು, ಸೋಮವಾರ, ಬೆಳಗ್ಗೆ) "ಸಿನ್ಸ್". ಎಷ್ಟು ಹೊತ್ತು, ಎಷ್ಟು ವರ್ಷ ಅನ್ನುವ ಅಳತೆಯಾದರೆ "ಫಾರ್".

ಆಮೇಲೆ ಕ್ರಿಯಾಪದ. "ಮಾಡ್ತಾ ಇದ್ದೀನಿ" ಅನ್ನುವುದು ಕನ್ನಡದಲ್ಲಿ ಈ ಗಳಿಗೆಗೂ ಆಗುತ್ತದೆ, ಹಿಂದಿನಿಂದ ಇಲ್ಲಿಯವರೆಗೆ ಅನ್ನುವುದಕ್ಕೂ ಆಗುತ್ತದೆ. ಇಂಗ್ಲಿಷಿನ "ಆಮ್ ವರ್ಕಿಂಗ್"ಗೆ ಹಿಂದೆ ತಿರುಗಿ ನೋಡುವ ಶಕ್ತಿ ಇಲ್ಲ. ಹಿಂದಿನಿಂದ ಈವರೆಗೆ ಅನ್ನಬೇಕಾದರೆ "ಹ್ಯಾವ್ ಬೀನ್" ಬರಲೇಬೇಕು: "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್".

ನಮ್ಮ ಸುತ್ತಮುತ್ತಲಿನ ಸಂಗತಿಗಳನ್ನೇ ಇಟ್ಟುಕೊಂಡು ಅಭ್ಯಾಸ ಮಾಡಿಸಿದರೆ ಇದು ಬೇಗ ತಲೆಗೆ ಹೋಗುತ್ತದೆ. ಚಿಕ್ಕಬಳ್ಳಾಪುರ 2007ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲೆ ಆಯಿತು. "ಚಿಕ್ಕಬಳ್ಳಾಪುರ ಬಿಕೇಮ್ ಎ ಡಿಸ್ಟ್ರಿಕ್ಟ್ ಇನ್ 2007." ಆದದ್ದು ಒಂದು ಸಲ, ಅಲ್ಲಿಗೆ ಮುಗಿಯಿತು. ಆದರೆ ಜಿಲ್ಲೆಯಾಗಿ ಇರುವುದು ಇವತ್ತಿಗೂ ನಡೆಯುತ್ತಿದೆ: "ಇಟ್ ಹ್ಯಾಸ್ ಬೀನ್ ಎ ಡಿಸ್ಟ್ರಿಕ್ಟ್ ಸಿನ್ಸ್ 2007." ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. "ದ ಮೈನ್ಸ್ ಕ್ಲೋಸ್ಡ್ ಇನ್ 2001" ಸರಿ. "ದ ಮೈನ್ಸ್ ಹ್ಯಾವ್ ಕ್ಲೋಸ್ಡ್ ಇನ್ 2001" ತಪ್ಪು, ಯಾಕೆಂದರೆ ಇಸವಿ ಹೇಳಿ ಬಾಗಿಲು ಹಾಕಿದ ಮೇಲೆ "ಹ್ಯಾವ್"ಗೆ ಅಲ್ಲಿ ಜಾಗ ಇಲ್ಲ. "ದ ಮೈನ್ಸ್ ಆರ್ ಕ್ಲೋಸ್ಡ್ ಸಿನ್ಸ್ 2001" ಕೂಡ ತಪ್ಪು, "ಸಿನ್ಸ್" ಇದ್ದ ಕಡೆ ಬರಿಯ "ಆರ್" ಸಾಲುವುದಿಲ್ಲ. ಅಲ್ಲಿ "ದ ಮೈನ್ಸ್ ಹ್ಯಾವ್ ಬೀನ್ ಕ್ಲೋಸ್ಡ್ ಸಿನ್ಸ್ 2001" ಆಗಬೇಕು. "ಇನ್" ಮತ್ತು "ಸಿನ್ಸ್" ಎರಡನ್ನೂ ಒಂದೇ ಘಟನೆಗೆ ಹಚ್ಚಿ ಹೇಳಿ ನೋಡಿ, ಪಕ್ಕದ ಕ್ರಿಯಾಪದ ಯಾಕೆ ಬದಲಾಗುತ್ತದೆ ಅನ್ನುವುದು ತಾನಾಗಿ ಕಾಣುತ್ತದೆ. ತುಮಕೂರಿನವರಿಗೆ 2014 ಇದೆ. ಆ ವರ್ಷ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಊರಿನ ಹೆಸರು ತುಮಕೂರು ಅಂತಲೇ ಆಯಿತು. ಆ ಒಂದು ಸಂಗತಿಯಿಂದ ಇದೇ ರೀತಿ ಎರಡು ವಾಕ್ಯ ಮಾಡಿ ನೋಡಿ.

"ಐ ಹ್ಯಾವ್ ಕಾಲ್ಡ್ ಹಿಮ್ ಯೆಸ್ಟರ್‌ಡೇ"

"ಹ್ಯಾವ್ ಕಾಲ್ಡ್"ನಾ, "ಕಾಲ್ಡ್"ನಾ? ವರ್ಷಗಟ್ಟಲೆ ಇಂಗ್ಲಿಷ್ ಓದಿದವರೂ ಇಲ್ಲಿ ತಡವರಿಸುತ್ತಾರೆ. ನಾವೂ "ನಿನ್ನೇನೇ ಫೋನ್ ಮಾಡಿದ್ದೀನಿ ಸಾರ್" ಅನ್ನುತ್ತೇವೆ, ಕನ್ನಡದಲ್ಲಿ ಅದು ಪೂರ್ತಿ ಸರಿ. ಇಂಗ್ಲಿಷಿನಲ್ಲಿ ಮುಗಿದುಹೋದ ಹೊತ್ತನ್ನು ಬಾಯಿಬಿಟ್ಟು ಹೇಳಿದರೆ, ಅಂದರೆ "ಯೆಸ್ಟರ್‌ಡೇ", "ಲಾಸ್ಟ್ ವೀಕ್", "ಟೂ ಡೇಸ್ ಅಗೋ" ಅಂದರೆ, "ಹ್ಯಾವ್" ಹೊರಗೆ ಹೋಗಬೇಕು. "ಐ ಕಾಲ್ಡ್ ಹಿಮ್ ಯೆಸ್ಟರ್‌ಡೇ."

ಹೊತ್ತನ್ನು ಹೇಳದೆ ಇದ್ದಾಗ ಹೇಗೆ ತಿಳಿಯುವುದು? ಇದಕ್ಕೆ ಕನ್ನಡದಲ್ಲೇ ಒಂದು ಒಳ್ಳೆ ಪರೀಕ್ಷೆ ಇದೆ, ನನಗೆ ಬಹಳ ಇಷ್ಟವಾದದ್ದು. ವಾಕ್ಯವನ್ನು "ಇಲ್ಲ" ಮಾಡಿ. "ಊಟ ಮಾಡಿಲ್ಲ" ಮತ್ತು "ಊಟ ಮಾಡಲಿಲ್ಲ", ಇವೆರಡೂ ಒಂದೇ ಅಲ್ಲ, ಅಲ್ವಾ? ಮಧ್ಯಾಹ್ನ ಎರಡು ಗಂಟೆಗೆ ನೆಂಟರ ಮನೆಗೆ ಹೋಗಿ "ಊಟ ಮಾಡಿಲ್ಲ" ಅಂದರೆ ತಕ್ಷಣ ಎಲೆ ಹಾಕುತ್ತಾರೆ. ಅದೇ ಮದುವೆ ಮನೆಯಿಂದ ವಾಪಸ್ ಬಂದು "ಊಟ ಮಾಡಲಿಲ್ಲ" ಅಂದರೆ ಆ ಊಟದ ಹೊತ್ತು ಮುಗಿದುಹೋಯಿತು ಅಂತ ಅರ್ಥ. "ಮಾಡಿಲ್ಲ" ಅಂದಾಗ ಬಾಗಿಲು ಇನ್ನೂ ತೆರೆದಿದೆ, "ಮಾಡಲಿಲ್ಲ" ಅಂದಾಗ ಮುಚ್ಚಿದೆ. ಇಂಗ್ಲಿಷಿನ "ಹ್ಯಾವಂಟ್ ಈಟನ್" ಮತ್ತು "ಡಿಡಂಟ್ ಈಟ್" ನಡುವೆ ಇರುವುದೂ ಇದೇ ವ್ಯತ್ಯಾಸ.

ಹಾಗಾಗಿ ಅನುಮಾನ ಬಂದಾಗ ಮನಸ್ಸಿನಲ್ಲೇ "ಇಲ್ಲ" ಹಚ್ಚಿ ನೋಡಿ. "ಇಲ್ಲ" ನೇರವಾಗಿ ಅಂಟಿ "ನೋಡಿಲ್ಲ, ಕೊಟ್ಟಿಲ್ಲ, ಹೋಗಿಲ್ಲ" ಅಂತ ಬಾಯಿಗೆ ಬಂದರೆ "ಹ್ಯಾವ್" ಕಡೆ ಹೋಗಿ. "ನೋಡಲಿಲ್ಲ, ಕೊಡಲಿಲ್ಲ, ಹೋಗಲಿಲ್ಲ" ಅಂತ ಬಂದರೆ ಸಿಂಪಲ್ ಪಾಸ್ಟ್. "ಅಂತರಗಂಗೆ ನೋಡಿದ್ದೀಯಾ?" "ಇಲ್ಲ, ನೋಡಿಲ್ಲ." ಆದ್ದರಿಂದ "ಹ್ಯಾವ್ ಯು ಸೀನ್ ಅಂತರಗಂಗೆ?" "ಹೋದ ಭಾನುವಾರ ಬೆಟ್ಟ ಹತ್ತಿದ್ರಾ?" "ಇಲ್ಲ, ಹತ್ತಲಿಲ್ಲ." ಆದ್ದರಿಂದ "ಡಿಡ್ ಯು ಕ್ಲೈಂಬ್ ದ ಹಿಲ್ ಲಾಸ್ಟ್ ಸಂಡೇ?" ನೂರಕ್ಕೆ ನೂರು ಸಲ ಹೊಂದುತ್ತದೆ ಅನ್ನುವುದಿಲ್ಲ, ಆದರೆ ಇಂಗ್ಲಿಷ್ ನಿಯಮ ನೆನಪು ಮಾಡಿಕೊಳ್ಳುವುದಕ್ಕಿಂತ ಇದು ಬೇಗ, ಯಾಕೆಂದರೆ "ಮಾಡಿಲ್ಲ, ಮಾಡಲಿಲ್ಲ" ವಿಷಯದಲ್ಲಿ ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಅಮೆರಿಕದವರು ಮಾತಾಡುವಾಗ "ಡಿಡ್ ಯು ಈಟ್ ಯೆಟ್?" ಅನ್ನುವುದೂ ಉಂಟು. ವಿಡಿಯೋಗಳಲ್ಲಿ ಕೇಳಿ ಗಲಿಬಿಲಿ ಆಗಬೇಡಿ, ಅಲ್ಲಿ ಆ ರೂಢಿ ಇದೆ.

"ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಬ್ಯಾಂಗಲೋರ್"

ಕೆಳಗಿರುವ ಕನ್ನಡ: "ನಿನ್ನೆ ಬೆಂಗಳೂರಿಗೆ ಹೋಗಿದ್ದೆ." ಇಲ್ಲಿ ನಾವು "ಹೋದೆ" ಅನ್ನುವುದು ಕಡಿಮೆ. "ನಿನ್ನೆ ಬೆಂಗಳೂರಿಗೆ ಹೋದೆ" ಅಂದರೆ ಕತೆ ಈಗ ಶುರುವಾಯಿತು, ಮುಂದೆ ಏನೋ ಹೇಳುತ್ತಾರೆ ಅನ್ನಿಸುತ್ತದೆ. "ಹೋಗಿದ್ದೆ" ಅಂದರೆ ಹೋದೆ, ಕೆಲಸ ಮುಗಿಸಿದೆ, ವಾಪಸ್ ಬಂದೆ, ಎಲ್ಲ ಅದರಲ್ಲೇ ಸೇರಿತು. ಎಷ್ಟು ಅನುಕೂಲ! ಆ ಅನುಕೂಲವನ್ನೇ ಇಂಗ್ಲಿಷಿಗೆ ಹೊತ್ತುಕೊಂಡು ಹೋದಾಗ "ಹ್ಯಾಡ್ ಗಾನ್" ಆಗುತ್ತದೆ.

ಇಂಗ್ಲಿಷಿನ "ಹ್ಯಾಡ್ ಗಾನ್" ಒಂಟಿಯಾಗಿ ನಿಲ್ಲುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಇನ್ನೊಂದು ಹಿಂದಿನ ಘಟನೆ ಬೇಕು, ಅದಕ್ಕಿಂತ ಮುಂಚೆ ಇದು ಆಗಿತ್ತು ಅಂತ ಹೇಳುವುದು ಅದರ ಕೆಲಸ. ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಇದಕ್ಕೆ ಚಂದದ ಉದಾಹರಣೆ ಇದೆ. ಶಿವನಸಮುದ್ರದಲ್ಲಿ ತಯಾರಾದ ಕರೆಂಟು ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಬಂತು. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಈಗ ಹೇಳಿ: "ವೆನ್ ಬ್ಯಾಂಗಲೋರ್ ಗಾಟ್ ಎಲೆಕ್ಟ್ರಿಸಿಟಿ ಇನ್ 1905, ದ ಕೋಲಾರ್ ಮೈನ್ಸ್ ಹ್ಯಾಡ್ ಆಲ್ರೆಡಿ ಗಾಟ್ ಇಟ್." ಎರಡು ಘಟನೆ, ಎರಡೂ ಹಿಂದಿನವು, ಮೊದಲು ಆದದ್ದಕ್ಕೆ "ಹ್ಯಾಡ್". ಬರಿಯ 1902ರ ವಿಷಯ ಮಾತ್ರ ಹೇಳುವುದಾದರೆ "ಹ್ಯಾಡ್" ಬೇಡ, "ಎಲೆಕ್ಟ್ರಿಸಿಟಿ ಕೇಮ್ ಟು ದ ಮೈನ್ಸ್ ಇನ್ 1902" ಸಾಕು.

ಪರೀಕ್ಷೆ: "ಹ್ಯಾಡ್" ಬರೆದಿದ್ದೀರಾ? ಯಾವುದಕ್ಕಿಂತ ಮುಂಚೆ ಅಂತ ಕೇಳಿಕೊಳ್ಳಿ. ಉತ್ತರ ಇಲ್ಲದಿದ್ದರೆ ಅಳಿಸಿ. "ಯೆಸ್ಟರ್‌ಡೇ ಐ ವೆಂಟ್ ಟು ಬ್ಯಾಂಗಲೋರ್." ಹೋಗಿ ಬಂದದ್ದೂ ಅದರಲ್ಲೇ ಬಂತು, ಚಿಂತೆ ಬೇಡ.

"ಐ ಡಿಡಂಟ್ ವೆಂಟ್"

ಇದು ಬೇಗ ವಾಸಿಯಾಗುತ್ತದೆ. "ಹೋಗಲಿಲ್ಲ" ಅನ್ನುವಾಗ ನಾವು "ಹೋದಲಿಲ್ಲ" ಅನ್ನುತ್ತೇವಾ? ಇಲ್ಲ. ಕಾಲವನ್ನು "ಲಿಲ್ಲ" ಹೊತ್ತುಕೊಂಡ ಮೇಲೆ "ಹೋಗು" ತನ್ನ ಪಾಡಿಗೆ ತಾನಿರುತ್ತದೆ. ಇಂಗ್ಲಿಷಿನಲ್ಲಿ ಆ ಭಾರ ಹೊರುವುದು "ಡಿಡ್". "ಐ ಡಿಡಂಟ್ ಗೋ." ಪ್ರಶ್ನೆಯಲ್ಲೂ ಅಷ್ಟೇ, "ಡಿಡ್ ಯು ಗೋ?" ಇದೇ ಲೆಕ್ಕ "ಡಸ್"ಗೂ ನಡೆಯುತ್ತದೆ: "ಶಿ ಡಸಂಟ್ ಗೋ", "ಡಸಂಟ್ ಗೋಸ್" ಅಲ್ಲ.

"ಬಸ್ ಕೇಮ್, ಬಸ್ ಕೇಮ್!"

ಕೋಲಾರ ಬಸ್ ಸ್ಟ್ಯಾಂಡಿನಲ್ಲಿ ಚಿಂತಾಮಣಿ ಬಸ್ ಇನ್ನೂ ತಿರುವಿನಲ್ಲಿ ಇರುವಾಗಲೇ "ಬಂತು, ಬಂತು" ಅನ್ನುತ್ತೇವೆ. ಫೋನಿನಲ್ಲಿ "ಬಂದೆ, ಎರಡೇ ನಿಮಿಷ" ಅನ್ನುತ್ತೇವೆ, ಇನ್ನೂ ಚಪ್ಪಲಿ ಹಾಕಿರುವುದಿಲ್ಲ. "ಹೊರಟೆ" ಅಂದು ಇನ್ನೂ ಕೂತೇ ಇರುತ್ತೇವೆ. ಆಗೇ ತೀರುತ್ತದೆ ಅನ್ನುವಷ್ಟು ಹತ್ತಿರ ಇರುವುದನ್ನು ಕನ್ನಡ ಆಗಿಹೋದದ್ದು ಅಂತಲೇ ಹೇಳುತ್ತದೆ. ಇಂಗ್ಲಿಷಿನ "ಕೇಮ್" ಹಾಗಲ್ಲ, ಬಂದದ್ದು ಮುಗಿದ ಕತೆ. ಕಣ್ಣೆದುರಿಗೆ ಬರುತ್ತಿದ್ದರೆ "ದ ಬಸ್ ಈಸ್ ಕಮಿಂಗ್", ಬಂದು ನಿಂತಿದ್ದರೆ "ದ ಬಸ್ ಈಸ್ ಹಿಯರ್". "ಬಂದೆ" ಅನ್ನುವುದಕ್ಕೆ "ಐ ಆಮ್ ಕಮಿಂಗ್", "ಹೊರಟೆ" ಅನ್ನುವುದಕ್ಕೆ "ಐ ಆಮ್ ಲೀವಿಂಗ್". ಕಸ್ಟಮರ್ ಕೇರ್ ಕೆಲಸಕ್ಕೆ ಹೋಗುವವರು ಇದನ್ನು ಖಂಡಿತ ಸರಿ ಮಾಡಿಕೊಳ್ಳಬೇಕು. "ಐ ಕೇಮ್" ಅಂತ ಕೇಳಿದವರು ಬಾಗಿಲಲ್ಲಿ ನಿಮ್ಮನ್ನು ಹುಡುಕುತ್ತಾರೆ.

"ಇಫ್ ಇಟ್ ವಿಲ್ ರೇನ್"

"ಮಳೆ ಬಂದರೆ ಟೊಮ್ಯಾಟೊ ಕೀಳಲ್ಲ." ಮಾತು ನಾಳೆಯದ್ದು ಅಂತ ನಮಗೆ ಗೊತ್ತು, ಅದಕ್ಕೇ "ವಿಲ್" ಹಾಕಿಬಿಡುತ್ತೇವೆ. ಆದರೆ ಕನ್ನಡವನ್ನೇ ಗಮನಿಸಿ, "ಬಂದರೆ" ಅನ್ನುವುದರೊಳಗೆ ಮುಂದಿನ ಕಾಲದ ಗುರುತು ಎಲ್ಲಿದೆ? "ಬಂದ" ಇದೆ. ಕಾಲ ಹೇಳುವ ಹೊಣೆ ವಾಕ್ಯದ ಕೊನೆಯ "ಕೀಳಲ್ಲ" ಮೇಲಿದೆ. ಇಂಗ್ಲಿಷಿನಲ್ಲೂ ಷರತ್ತಿನ ಭಾಗಕ್ಕೆ "ವಿಲ್" ಬೇಡ: "ಇಫ್ ಇಟ್ ರೇನ್ಸ್, ವಿ ವೋಂಟ್ ಪಿಕ್ ದ ಟೊಮ್ಯಾಟೋಸ್." "ಬಂದಾಗ", "ಬಂದ ಮೇಲೆ", "ಬರೋ ತನಕ" ಇವಕ್ಕೂ ಇದೇ ಮಾತು. "ವೆನ್ ಹಿ ಕಮ್ಸ್", "ಆಫ್ಟರ್ ಹಿ ಕಮ್ಸ್", "ಅನ್‌ಟಿಲ್ ಹಿ ಕಮ್ಸ್".

ಕೈತಪ್ಪಿ ಹೋದ ಷರತ್ತು ಇನ್ನೂ ಸುಲಭ, ಯಾಕೆಂದರೆ ಎರಡೂ ಭಾಷೆಯ ಭಾಗಗಳು ಎದುರುಬದುರು ಕೂರುತ್ತವೆ. "ರೇಟ್ ಚೆನ್ನಾಗಿ ಇದ್ದಿದ್ದರೆ ಮಾರ್ತಾ ಇದ್ವಿ." "ಇದ್ದಿದ್ದರೆ" ಕಡೆಗೆ "ಹ್ಯಾಡ್", "ಮಾರ್ತಾ ಇದ್ವಿ" ಕಡೆಗೆ "ವುಡ್ ಹ್ಯಾವ್". "ಇಫ್ ದ ಪ್ರೈಸ್ ಹ್ಯಾಡ್ ಬೀನ್ ಗುಡ್, ವಿ ವುಡ್ ಹ್ಯಾವ್ ಸೋಲ್ಡ್." ಎರಡೂ ಕಡೆ "ವುಡ್ ಹ್ಯಾವ್" ಹಾಕುವುದೇ ಇಲ್ಲಿ ಆಗುವ ದೋಷ. ಷರತ್ತಿನ ಕಡೆಯದ್ದನ್ನು ತೆಗೆದರೆ ಸರಿಯಾಯಿತು.

"ಹಿ ಟೋಲ್ಡ್ ದಟ್ ಐ ವಿಲ್ ಕಮ್"

ಇದಕ್ಕೆ ಕಾರಣ ನಮ್ಮ "ಅಂತ". "ನಾಳೆ ಬರ್ತೀನಿ ಅಂತ ಅವನು ಹೇಳಿದ." ಅವನ ಬಾಯಿಂದ ಬಂದದ್ದನ್ನು ಹಾಗೇ ಎತ್ತಿಟ್ಟು "ಅಂತ" ಹಚ್ಚಿದರೆ ಮುಗಿಯಿತು, "ಬರ್ತೀನಿ" ಯಾರದ್ದು ಅನ್ನುವ ಗೊಂದಲವೇ ಇಲ್ಲ. ಇಂಗ್ಲಿಷಿನಲ್ಲಿ "ದಟ್" ಹಾಕಿದ ಮೇಲೆ ಮಾತು ಹೇಳುತ್ತಿರುವ ನಿಮ್ಮದಾಗುತ್ತದೆ. ಮೇಲಿನ ವಾಕ್ಯದಲ್ಲಿ "ಐ" ಅಂದರೆ ನೀವೇ ಬರುತ್ತೀರಿ ಅಂತ ಅರ್ಥವಾಗಿ, ಕೆಲಸದ ಜಾಗದಲ್ಲಿ ನಿಜವಾಗಿಯೂ ಗೊಂದಲ ಆಗುತ್ತದೆ. "ಹಿ ಸೆಡ್ ಹಿ ವುಡ್ ಕಮ್." ಮೊದಲು ಜನ ಬದಲಿಸಿ, ಆಮೇಲೆ "ವಿಲ್" ಅನ್ನು "ವುಡ್" ಮಾಡಿ. ಎರಡನ್ನೂ ಒಟ್ಟಿಗೆ ಮಾಡಲು ಆಗದಿದ್ದರೆ ಜನವನ್ನಾದರೂ ಬದಲಿಸಿ, ಕೇಳುವವರಿಗೆ ತೊಂದರೆ ಕೊಡುವುದು ಅದೇ ಜಾಸ್ತಿ.

ಒಂದು ಮೆಸೇಜ್ ಬಿಚ್ಚಿ ನೋಡೋಣ

ರಜೆ ಕೇಳುವ ಮೆಸೇಜುಗಳು ಹೆಚ್ಚಾಗಿ ಹೀಗಿರುತ್ತವೆ: "ಸರ್, ಐ ಆಮ್ ಹ್ಯಾವಿಂಗ್ ಫೀವರ್ ಸಿನ್ಸ್ ತ್ರೀ ಡೇಸ್. ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಹಾಸ್ಪಿಟಲ್, ಸೋ ಐ ಡಿಡಂಟ್ ಕೇಮ್. ಇಫ್ ಐ ವಿಲ್ ಫೀಲ್ ಬೆಟರ್, ಐ ವಿಲ್ ಕಮ್ ಟುಮಾರೋ."

ಮೊದಲ ವಾಕ್ಯ: ಮೂರು ದಿನ ಅನ್ನುವುದು ಅಳತೆ, ಆದ್ದರಿಂದ "ಫಾರ್". ಜ್ವರ ಇರುವುದು ಸ್ಥಿತಿ, ಆದ್ದರಿಂದ "ಹ್ಯಾವಿಂಗ್" ಬೇಡ. ಹಿಂದಿನಿಂದ ಈವರೆಗೆ ಇದೆ, ಆದ್ದರಿಂದ "ಹ್ಯಾವ್ ಹ್ಯಾಡ್": "ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ತ್ರೀ ಡೇಸ್." "ಹ್ಯಾವ್ ಹ್ಯಾಡ್" ಪಕ್ಕಪಕ್ಕ ನೋಡಿ ಹೆದರಬೇಡಿ, ಮೊದಲನೆಯದು ಸಹಾಯಕ, ಎರಡನೆಯದು ಜ್ವರದ್ದು. ಎರಡನೇ ವಾಕ್ಯ: ಯಾವುದಕ್ಕಿಂತ ಮುಂಚೆ ಅಂತ ಕೇಳಿದರೆ ಉತ್ತರ ಇಲ್ಲ, "ಐ ವೆಂಟ್ ಟು ದ ಹಾಸ್ಪಿಟಲ್". "ಡಿಡ್" ಭಾರ ಹೊತ್ತಿದೆ, "ಸೋ ಐ ಡಿಡಂಟ್ ಕಮ್". ಕೊನೆಯ ವಾಕ್ಯದಲ್ಲಿ ಎರಡು "ವಿಲ್" ಇವೆ. ಷರತ್ತಿನ ಕಡೆಯದ್ದನ್ನು ತೆಗೆಯಿರಿ: "ಇಫ್ ಐ ಫೀಲ್ ಬೆಟರ್". ಎರಡನೆಯದು ನಾಳೆಯ ಮಾತು, ಸರಿಯಾದ ಜಾಗದಲ್ಲೇ ಇದೆ, ಅದನ್ನು ಮುಟ್ಟಬೇಡಿ.